ಅಟಕಾಮಾದ ಅಲ್ಮಾ ನೋಡಬೇಕು, ಹೋಗಿ ಬಂದವರು ಹೇಳಿ

ಆಗಸ್ಟ್‌ನಲ್ಲಿ ಅಪ್ಪನನ್ನು ಕರೆದುಕೊಂಡು ಚಿಲಿಗೆ ಹೋಗುತ್ತಿದ್ದೇನೆ. ಅವರಿಗೆ 61 ವರ್ಷ. ಅಟಕಾಮಾ ಮರುಭೂಮಿಯ ಅಲ್ಮಾ ರೇಡಿಯೊ ಟೆಲಿಸ್ಕೋಪ್ ನೋಡಬೇಕು ಎನ್ನುವುದು ಅವರ ಬಹಳ ದಿನದ ಆಸೆ. ಆದರೆ ಅದು 5,000 ಮೀಟರ್ ಎತ್ತರದಲ್ಲಿದೆಯಂತೆ. ಅಷ್ಟು ಮೇಲೆ ಕರೆದುಕೊಂಡು ಹೋಗಬಹುದಾ? ಎಷ್ಟು ದಿನ ಇಟ್ಟುಕೊಳ್ಳಬೇಕು?

ಉತ್ತರ 1

ಮೊದಲು ಆ ಭಯ ಬಿಡಿ. ಅಲ್ಮಾದ ಆಂಟೆನಾಗಳು ನಿಂತಿರುವ, 5,000 ಮೀಟರ್ ಎತ್ತರದ ಚಹ್ನಾಂತೋರ್ ಬಯಲಿಗೆ ಪ್ರವಾಸಿಗರನ್ನು ಬಿಡುವುದೇ ಇಲ್ಲ. ಅಲ್ಲಿ ಕೆಲಸ ಮಾಡುವವರೇ ಆಮ್ಲಜನಕದ ಸಿಲಿಂಡರ್ ಇಟ್ಟುಕೊಂಡು ಓಡಾಡುತ್ತಾರೆ. ನಮಗೆ ತೋರಿಸುವುದು ಕೆಳಗೆ, 2,900 ಮೀಟರ್‌ನಲ್ಲಿರುವ ಅವರ ಕೆಲಸದ ನೆಲೆ.

ಶನಿವಾರ, ಭಾನುವಾರ ಬೆಳಿಗ್ಗೆ ಮಾತ್ರ ಅವಕಾಶ. ಹತ್ತಿರದ ಸ್ಯಾನ್ ಪೆದ್ರೊ ಊರಿನಿಂದ ಅವರದೇ ಬಸ್ ಇದೆ, ದುಡ್ಡು ಕೊಡಬೇಕಿಲ್ಲ. ಆದರೆ ಅಲ್ಮಾದ ವೆಬ್‌ಸೈಟಿನಲ್ಲಿ ಮೊದಲೇ ಹೆಸರು ಬರೆಸಬೇಕು, ಸೀಟು ಬೇಗ ತುಂಬುತ್ತದೆ. ನಾನು ವಿಮಾನದ ಟಿಕೆಟ್ ಮಾಡಿಸಿ ಆಮೇಲೆ ನೋಡಿದೆ. ಸೀಟು ಇರಲಿಲ್ಲ. ಬಸ್ ಹೊರಡುವ ಜಾಗಕ್ಕೆ ಹೋಗಿ ಕಾದು ನಿಂತೆ, ಯಾರೋ ಬರಲಿಲ್ಲ, ಅವರ ಸೀಟು ನನಗೆ ಸಿಕ್ಕಿತು. ನೀವು ಇಬ್ಬರು. ಹಾಗಾಗಿ ಮೊದಲು ಸೀಟು, ಆಮೇಲೆ ಟಿಕೆಟ್.

"ಮೇಲೆ ಹೋಗದಿದ್ದರೆ ಏನು ನೋಡುವುದು" ಎಂದು ನನಗೂ ಅನ್ನಿಸಿತ್ತು. ಆದರೆ ರಿಪೇರಿಗೆ ಬಂದ ಆಂಟೆನಾಗಳು ಇಳಿಯುವುದು ಇಲ್ಲಿಗೇ. 12 ಮೀಟರ್ ಅಗಲದ ತಟ್ಟೆ, ಸುಮಾರು 100 ಟನ್ ತೂಕ. ಅದನ್ನು ಹೊತ್ತು ತರಲು 28 ಚಕ್ರದ ಎರಡು ಗಾಡಿಗಳಿವೆ, ಅವುಗಳಿಗೆ ಒಟ್ಟೊ, ಲೋರೆ ಎಂದು ಹೆಸರು. ನಾನು ಹೋದ ದಿನ ಒಂದು ಆಂಟೆನಾ ನಿಂತಿತ್ತು. ಅದರ ಕೆಳಗೆ ನಿಂತು ಕತ್ತೆತ್ತಿದ ಆ ಕ್ಷಣ ಈಗಲೂ ಕಣ್ಣ ಮುಂದಿದೆ.

ಉತ್ತರ 2

ಅಲ್ಮಾ ಭೇಟಿಯಿಂದ ಮೈ ಕೆಡುವುದು ಕಡಿಮೆ. ಕೆಡುವುದು ಉಳಿದ ಸುತ್ತಾಟದಿಂದ. ಸ್ಯಾನ್ ಪೆದ್ರೊ ಸುಮಾರು 2,400 ಮೀಟರ್‌ನಲ್ಲಿದೆ. ನಾವು ತಲುಪಿದ ಮರುದಿನವೇ ಎಲ್ ತಾತಿಯೊ ಬಿಸಿನೀರಿನ ಬುಗ್ಗೆ ನೋಡಲು ಹೋದೆವು. ಅದು 4,300 ಮೀಟರ್. ನನ್ನ ಹೆಂಡತಿಗೆ ತಲೆನೋವು, ವಾಂತಿ. ಎರಡು ದಿನ ರೂಮಿನಲ್ಲೇ ಮಲಗಿದ್ದಳು, ಅಲ್ಮಾ ಬಸ್ ತಪ್ಪಿಹೋಯಿತು. ಎಲ್ ತಾತಿಯೊವನ್ನು ಕೊನೆಯ ದಿನಕ್ಕೆ ಇಡಿ, ಅಪ್ಪನಿಗೆ ಬೇಡವೆನ್ನಿಸಿದರೆ ಬಿಟ್ಟೇಬಿಡಿ. ಮೊದಲ ಎರಡು ದಿನ ಸುಮ್ನೆ ಊರಲ್ಲಿ ನಿಧಾನವಾಗಿ ನಡೆದಾಡಿ, ನೀರು ಜಾಸ್ತಿ ಕುಡಿಯಿರಿ. ಬಿಪಿ, ಹೃದಯದ ತೊಂದರೆ ಇದ್ದರೆ ಹೊರಡುವ ಮೊದಲೇ ಡಾಕ್ಟರನ್ನು ಕೇಳಿ. ಆಗಸ್ಟ್ ರಾತ್ರಿ ಕೊರೆಯುವ ಚಳಿ, ಹಗಲು ಚರ್ಮ ಸುಡುವ ಬಿಸಿಲು. ವಾರಾಂತ್ಯ ಸೇರಿಸಿ ಐದು ದಿನ ಇಟ್ಟುಕೊಳ್ಳಿ.

ಉತ್ತರ 3

ಇಬ್ಬರೂ ಹೇಳಿದ್ದು ಸರಿ. ನಾನು ಒಂದೇ ಮಾತು ಸೇರಿಸುತ್ತೇನೆ. ಅಲ್ಲಿ ಕಣ್ಣಿಟ್ಟು ನಕ್ಷತ್ರ ನೋಡುವ ಟೆಲಿಸ್ಕೋಪ್ ಇಲ್ಲ. ಇದನ್ನು ಅಪ್ಪನಿಗೆ ಮೊದಲೇ ಹೇಳಿ, ಇಲ್ಲದಿದ್ದರೆ ನಿರಾಸೆಯಾಗುತ್ತದೆ.

ಅಲ್ಮಾ ಹಿಡಿಯುವುದು ಆಕಾಶದಿಂದ ಬರುವ, ಮಿಲಿಮೀಟರ್ ಅಳತೆಯ ರೇಡಿಯೊ ಅಲೆಗಳನ್ನು. ಗಾಳಿಯಲ್ಲಿರುವ ನೀರಾವಿ ಇವನ್ನು ನುಂಗಿಬಿಡುತ್ತದೆ. ಅದಕ್ಕೇ ಅಷ್ಟು ಎತ್ತರದ, ಅಷ್ಟು ಒಣಗಿದ ಜಾಗ ಬೇಕಾಯಿತು. ಫೆಬ್ರವರಿಯಲ್ಲಿ ಅಲ್ಲಿ ತೇವ ಜಾಸ್ತಿ, ಆಗ ವೀಕ್ಷಣೆ ನಿಲ್ಲಿಸಿ ದುರಸ್ತಿ ಮಾಡುತ್ತಾರೆ. ಮೇಲಿನ 66 ಆಂಟೆನಾಗಳನ್ನು 16 ಕಿಲೋಮೀಟರ್‌ವರೆಗೂ ಹರಡಿ ಇಡಬಹುದು. ಎಲ್ಲ ಸೇರಿ ಒಂದೇ ಟೆಲಿಸ್ಕೋಪಿನಂತೆ ಕೆಲಸ ಮಾಡುತ್ತವೆ.

2014ರಲ್ಲಿ ಇದು ತೆಗೆದ ಎಚ್‌ಎಲ್ ಟೌ ಎಂಬ ಎಳೆಯ ನಕ್ಷತ್ರದ ಚಿತ್ರವನ್ನು ಅಪ್ಪನಿಗೆ ತೋರಿಸಿ. ನಕ್ಷತ್ರದ ಸುತ್ತ ದೂಳಿನ ಬಳೆಗಳು, ನಡುನಡುವೆ ಖಾಲಿ ಗೆರೆಗಳು. ಅಲ್ಲಿ ಗ್ರಹಗಳು ಹುಟ್ಟುತ್ತಿರಬಹುದು. ಎಷ್ಟು ಸಲ ನೋಡಿದರೂ ನನಗೆ ಸಾಕಾಗಿಲ್ಲ.

ಇನ್ನೊಂದು, ಈ ಅಲೆಗಳನ್ನು ಹಿಡಿಯಲು ಕತ್ತಲು ಬೇಕಿಲ್ಲ, ಹಗಲಲ್ಲೂ ಕೆಲಸ ನಡೆಯುತ್ತದೆ. ಭೇಟಿಯಲ್ಲಿ ಕಂಟ್ರೋಲ್ ರೂಮ್ ತೋರಿಸುತ್ತಾರೆ. ಮೇಲಿನ ಆಂಟೆನಾಗಳನ್ನು ಆಡಿಸುವುದು ಅಲ್ಲಿಂದಲೇ. ಆ ಹೊತ್ತಿನಲ್ಲಿ ಅವು ಆಕಾಶದ ಯಾವ ಕಡೆ ತಿರುಗಿವೆ ಎಂದು ಅಪ್ಪನೇ ಕೇಳಲಿ. ಅಲ್ಲಿನವರು ಖುಷಿಯಿಂದ ಹೇಳುತ್ತಾರೆ.