ಬೆಳ್ಳಿ ನ್ಯಾನೋಕಣದ ಗಾತ್ರ ಹಿಡಿತಕ್ಕ ಬರವಲ್ದು, ಬಲ್ಲವರು ಹೇಳ್ರಿ

ಪ್ರಶ್ನೆ (ವಿಜಯಪುರ, ಎಂ.ಎಸ್ಸಿ. ಪ್ರಾಜೆಕ್ಟ್): ಸಿಲ್ವರ್ ನೈಟ್ರೇಟನ್ನ ಸೋಡಿಯಂ ಬೋರೋಹೈಡ್ರೈಡ್‌ನಿಂದ ರಿಡ್ಯೂಸ್ ಮಾಡಿ (ಅಯಾನನ್ನ ಲೋಹದ ಬೆಳ್ಳಿ ಮಾಡಿ) 12 ನ್ಯಾನೋಮೀಟರ್ ಆಸುಪಾಸಿನ ಕಣ ಮಾಡಬೇಕಾಗ್ಯಾದ. ಮೊದಲು ಹಳದಿ ಬರ್ತದ, ಅರ್ಧ ತಾಸಿನ್ಯಾಗ ಕಂದು, ಮರುದಿನ ಬೂದು, ತಳದಾಗ ಕರಿ ಪುಡಿ. ಯುವಿ-ವಿಸಿಬಲ್ ಶಿಖರ (ಕಣ ಹೆಚ್ಚು ಬೆಳಕು ಹೀರೋ ತರಂಗಾಂತರ) 435 ನ್ಯಾನೋಮೀಟರಿನ ಹತ್ರ, ಭಾಳ ಅಗಲ. ಮುಂದ 36 ನ್ಯಾನೋಮೀಟರಿನ ಕಣಾನೂ ಬೇಕು. ಎಲ್ಲಿ ತಪ್ಪತದ?

ಬೆಳಗಾವಿಯಿಂದ: ನಿಮ್ಮ ಕಣ ದೊಡ್ಡವು ಹುಟ್ಟಾಕತ್ತಿಲ್ರಿ, ಸಣ್ಣವು ಹುಟ್ಟಿ ಆಮೇಲೆ ಒಂದಕ್ಕೊಂದು ಅಂಟಾಕತ್ತಾವು. ಹಳದಿ ಬಂದಿದ್ದ ಅದಕ್ಕ ಸಾಕ್ಷಿ. 2 ಮಿಲಿಮೋಲಾರ್ ಬೋರೋಹೈಡ್ರೈಡ್ 30 ಮಿ.ಲೀ. ಫ್ಲಾಸ್ಕಿನ್ಯಾಗ ಹಾಕಿ, ಸುತ್ತ ಐಸ್ ಇಟ್ಟು, ಸ್ಟರರ್ (ಮ್ಯಾಗ್ನೆಟ್ ತಿರುಗಿಸಿ ಕಲಕೋ ಯಂತ್ರ) ಜೋರಾಗಿ ಬಿಡ್ರಿ. 1 ಮಿಲಿಮೋಲಾರ್ ಸಿಲ್ವರ್ ನೈಟ್ರೇಟ್ 10 ಮಿ.ಲೀ. ಸೆಕೆಂಡಿಗೆ ಒಂದು ಹನಿಯಂಗ ಬಿಡ್ರಿ, ಮೂರು ನಿಮಿಷದ ಕೆಲಸ. ಕಡೇ ಹನಿ ಬಿದ್ದ ಕೂಡಲೇ ಸ್ಟರರ್ ಬಂದ್ ಮಾಡಿ ಮ್ಯಾಗ್ನೆಟ್ ತಗದುಬಿಡ್ರಿ. ‘ಇನ್ನೂ ಚಲೋ ಕೂಡ್ಲಿ’ ಅಂತ ಅರ್ಧ ತಾಸು ತಿರುಗಿಸಿದ್ರ ಹಳದಿ ಹೋಗಿ ನೇರಳೆ, ಬೂದು ಆಗೋದು ಖರೆ. ಆಮೇಲೆ 0.3% ಪಿವಿಪಿ (ಕಣಕ್ಕ ಹೊದಿಕೆಯಾಗೋ ಪಾಲಿಮರ್) ದ್ರಾವಣ ಒಂದೆರಡು ಹನಿ ಹಾಕಿದ್ರ ಅಂಟೋದು ನಿಲ್ತೈತಿ.

ಬೆಳ್ಳಿ ಬೋರೋಹೈಡ್ರೈಡಿನೊಳಗ ಬೀಳಬೇಕು, ಉಲ್ಟಾ ಮಾಡಬ್ಯಾಡ್ರಿ. ಕಣದ ಮ್ಯಾಲೆ ಬೋರೋಹೈಡ್ರೈಡ್ ಋಣ ಆವೇಶದ ಹೊದಿಕೆಯಾಗಿ ಕೂತು, ಕಣಗಳನ್ನ ದೂರ ಇಡತೈತಿ; ಅದು ಕಡಿಮಿ ಬಿದ್ರ ಹೊದಿಕೆ ಹರೀತೈತಿ. ನೀರಿನ್ಯಾಗ ಕೂತ್ರ ತಾನಾಗೇ ಒಡದು ಹೈಡ್ರೋಜನ್ ಬಿಡತೈತಿ, ಅದಕ್ಕ ಪ್ರತಿ ಸಲ ಐಸ್ ನೀರಿನ್ಯಾಗ ಹೊಸಾದು ಮಾಡಿ, ಆವಾಗಿಂದಾವಾಗ ಬಳಸ್ರಿ. ಬಾಟಲಿ ಮುಚ್ಚಳ ಬಿಗಿ ಮಾಡಬ್ಯಾಡ್ರಿ. 100 ಮಿ.ಲೀ.ಗೆ ಬೇಕಾದ 7.6 ಮಿ.ಗ್ರಾಂ ತೂಗೋದು ಕಷ್ಟ. 76 ತೂಗಿ ಹತ್ತು ಪಟ್ಟು ತೆಳು ಮಾಡ್ರಿ. ವಿಜಯಪುರದ ಬ್ಯಾಸಗಿಯೊಳಗ ಐಸ್ ಬಿಟ್ಟು ಮಾಡಾಕ ಹೋಗಲೇಬ್ಯಾಡ್ರಿ.

ಬಾಗಲಕೋಟೆಯಿಂದ: ನೀರು ಯಾವುದ್ರಿ? ನಮ್ಮ ಕಡೆ ಬೋರಿನ ನೀರು ಗಡಸು, ಊರ ಶುದ್ಧ ನೀರಿನ ಘಟಕದ ಆರ್‌ಒ ನೀರಿನ್ಯಾಗೂ ಕ್ಲೋರೈಡ್ ಉಳಿದಿರ್ತೈತಿ. 5 ಮಿ.ಲೀ. ನೀರಿಗೆ 0.1 ಮೋಲಾರ್ ಸಿಲ್ವರ್ ನೈಟ್ರೇಟ್ ಎರಡು ಹನಿ ಹಾಕಿ, ಕರಿ ಬಟ್ಟಿ ಹಿಂದ ಹಿಡದು ನೋಡ್ರಿ. ಸ್ವಲ್ಪ ಹಾಲಿನಂಗ ಬಿಳಿ (ಸಿಲ್ವರ್ ಕ್ಲೋರೈಡ್) ಕಂಡ್ರೂ ಆ ನೀರು ಬ್ಯಾಡ.

ಗಾಜಿನ ಸಾಮಾನು ಅಕ್ವಾ ರೀಜಿಯಾದಾಗ (ಹೈಡ್ರೋಕ್ಲೋರಿಕ್, ನೈಟ್ರಿಕ್ ಆಸಿಡ್ ಮಿಶ್ರಣದಾಗ) ತೊಳೀತೀರಂದ್ರ ಬಿಡ್ರಿ. ಅದು ಚಿನ್ನಕ್ಕ ಸರಿ. ಬೆಳ್ಳಿ ಮ್ಯಾಲೆ ಸಿಲ್ವರ್ ಕ್ಲೋರೈಡ್ ಕೂಡಿಸಿಬಿಡತೈತಿ. ಅರ್ಧಕ್ಕರ್ಧ ನೈಟ್ರಿಕ್ ಆಸಿಡ್‌ನ್ಯಾಗ ರಾತ್ರಿ ನೆನಸಿಟ್ಟು, ಡಬಲ್ ಡಿಸ್ಟಿಲ್ಡ್ ನೀರಿನ್ಯಾಗ ನಾಕೈದು ಸಲ ಗಲಬರಿಸ್ರಿ. ಹಳೇ ಮ್ಯಾಗ್ನೆಟ್ಟಿನ ಗೀರಿನ್ಯಾಗ ಕೂತ ಬೆಳ್ಳೀನೂ ಹೊಸ ಕಣಕ್ಕ ಬೀಜ (ಮ್ಯಾಲೆ ಬೆಳ್ಳಿ ಕೂತು ಬೆಳೆಯೋ ತುಣುಕು) ಆಗತೈತಿ.

ಇನ್ನೊಬ್ಬರು (ಬೆಳಗಾವಿ): 36ರ ಕಣಕ್ಕೆ ಲೆಕ್ಕ ಹಾಕಿಯೇ ಹೋಗಬೇಕು. ಜೋಳ ದಟ್ಟ ಬಿತ್ತಿದರೆ ತೆನೆ ಸಣ್ಣದಾಗುವ ಹಾಗೆ, ಇರುವ ಬೆಳ್ಳಿ ಎಷ್ಟು ಬೀಜಗಳಿಗೆ ಹಂಚಿಹೋಗುತ್ತದೆ ಎಂಬುದೇ ಗಾತ್ರ. ಬೋರೋಹೈಡ್ರೈಡ್ ಬಲವಾದದ್ದು, ಒಮ್ಮೆಲೇ ಅಸಂಖ್ಯ ಬೀಜ ಹುಟ್ಟಿಸುತ್ತದೆ. ಸಿಟ್ರೇಟ್ ಒಂದರಿಂದಲೇ ಕುದಿಸಿದರೆ ಬೀಜ ಕಡಿಮೆ, ಕಣ ದೊಡ್ಡದು. ಆದರೆ ಗುಂಡು, ಕಡ್ಡಿ ಎಲ್ಲ ಬೆರಕೆ.

12ರ ಕಣವನ್ನೇ ಬೀಜವಾಗಿಟ್ಟು 36ಕ್ಕೆ ಬೆಳೆಸುವುದು ಎಂದರೆ ವ್ಯಾಸ ಮೂರು ಪಟ್ಟು, ಘನಗಾತ್ರ 27 ಪಟ್ಟು. ಬೀಜದಲ್ಲಿರುವ ಬೆಳ್ಳಿಯ 26 ಪಟ್ಟು ಹೊಸದಾಗಿ ಸೇರಬೇಕು. ಮೇಲಿನ 40 ಮಿ.ಲೀ. ದ್ರಾವಣದಲ್ಲಿ ಬೆಳ್ಳಿ 0.25 ಮಿಲಿಮೋಲಾರ್. ಅದರ 2 ಮಿ.ಲೀ. ತೆಗೆದುಕೊಂಡರೆ 1 ಮಿಲಿಮೋಲಾರ್ ನೈಟ್ರೇಟ್ 13 ಮಿ.ಲೀ. ಬೇಕು. ಒಂದೇ ಸಲ ಸುರಿದರೆ ಹೊಸ ಬೀಜ ಹುಟ್ಟಿ ಶಿಖರ ಎರಡಾಗುತ್ತದೆ. ನಾಲ್ಕೈದು ಕಂತು ಮಾಡಿ, ಪ್ರತಿ ಕಂತಿನ ನಂತರ ಬಣ್ಣ ನಿಲ್ಲುವವರೆಗೆ ಕಾಯಿರಿ. ಬೀಜದಲ್ಲಿ ಉಳಿದ ಬೋರೋಹೈಡ್ರೈಡ್ ಮೊದಲು ಪೂರ್ತಿ ಒಡೆದಿರಬೇಕು, ಇಲ್ಲದಿದ್ದರೆ ಲೆಕ್ಕ ಕೆಡುತ್ತದೆ. ಬೆಳೆಸುವುದಕ್ಕೆ ಸಿಟ್ರೇಟ್ ಜೊತೆ ತುಸು ಟ್ಯಾನಿಕ್ ಆಸಿಡ್, 90 ಡಿಗ್ರಿ ಶಾಖ: ನನ್ನ ಆಯ್ಕೆ ಇದೇ.

ಪ್ರಶ್ನೆ ಕೇಳಿದವರು: ಮ್ಯಾಗ್ನೆಟ್ ತಗದು ನೋಡ್ದೆ, ಶಿಖರ 398ಕ್ಕ ಬಂತ್ರಿ! ಆದ್ರ ಡಿಎಲ್‌ಎಸ್ (ಬೆಳಕಿನ ಚದುರುವಿಕೆಯಿಂದ ಗಾತ್ರ ಅಳಿಯೋ ಯಂತ್ರ) 80 ನ್ಯಾನೋಮೀಟರ್ ಅಂತದ. ಯಾವುದು ನಂಬಬೇಕ್ರಿ?

ಬೆಳಗಾವಿಯಿಂದ: 400ರ ಸುತ್ತ ಕಿರಿದಾದ ಶಿಖರ ಅಂದ್ರ 10–14ರ ಕಣ, ಚಲೋ ಐತಿ. ಡಿಎಲ್‌ಎಸ್‌ನ್ಯಾಗ ಬೆಳಕಿನ ಚದುರುವಿಕೆ ವ್ಯಾಸದ ಆರನೇ ಘಾತದಷ್ಟು ಏರತೈತಿ. 60ರ ಒಂದು ಕಣ 12ರ 15,625 ಕಣದಷ್ಟು ಹೊಳೀತೈತಿ, ಹಿಂಗಾಗಿ ನಾಕು ಗಂಟು ಇದ್ರೂ ಸರಾಸರಿ ಹಾರತೈತಿ. ಧೂಳೂ ಹಂಗ. ಪೇಪರಿಗೆ ಟಿಇಎಂ (ಎಲೆಕ್ಟ್ರಾನ್ ಸೂಕ್ಷ್ಮದರ್ಶಕ) ಚಿತ್ರದಾಗ 200 ಕಣ ಅಳದು ಹಿಸ್ಟೋಗ್ರಾಂ ಹಾಕ್ರಿ.

ಬಾಗಲಕೋಟೆಯಿಂದ: ಬ್ಯಾಕ್ಟೀರಿಯಾ ಮ್ಯಾಲೆ ಪರೀಕ್ಷೆ ಮಾಡೋರಿದ್ರ ಒಂದು ಮಾತು. ಬ್ರಾತ್‌ನ್ಯಾಗಿನ (ಬ್ಯಾಕ್ಟೀರಿಯಾ ಬೆಳೆಸೋ ದ್ರವದಾಗಿನ) ಉಪ್ಪಿಗೇ ಕಣ ಗಂಟು ಕಟ್ಟತಾವು. ಬ್ರಾತ್ ಕೂಡಿಸಿ ಒಂದು ತಾಸು ಬಿಟ್ಟು ಮತ್ತ ಸ್ಪೆಕ್ಟ್ರಂ ತಗೀರಿ, ಶಿಖರ ಕುಸಿದ್ರ ಪಿವಿಪಿ ಹೆಚ್ಚು ಮಾಡ್ರಿ. ಉಳಿದ ದ್ರಾವಣ ಕಂದು ಬಾಟಲಿಯೊಳಗ 4 ಡಿಗ್ರಿಗೆ ಇಡ್ರಿ, ಫ್ರೀಜರಿಗೆ ಹಾಕಬ್ಯಾಡ್ರಿ. ಹೆಪ್ಪುಗಟ್ಟಿದ್ರ ಕಣ ಕೂಡಿಬಿಡತಾವು.