ಮುಂಜಾನೆ ಮುಂಜಾನೆ ಪಿಸಿ 2009ಕ್ಕ ಹೊಕ್ಕೈತಿ

ಗುಮ್ಮಟದ ಹುಡ್ಗ: ವಿಜಯಪುರದಾಗ ನಮ್ಮ ಜೆರಾಕ್ಸ್ ಅಂಗಡಿ ಹಳೇ ಪಿಸಿರಿ, ರಾತ್ರಿ ಮೇನ್ ಸ್ವಿಚ್ ಆಫ್ ಮಾಡಿ ಹೋದ್ರ ಮುಂಜಾನೆ ತಾರೀಖು 1-1-2009 ತೋರಸ್ತೈತಿ, ಒಂದೂ ಸೈಟ್ ಓಪನ್ ಆಗವಲ್ದು, ಸರ್ಟಿಫಿಕೇಟ್ ಎರರ್ ಅಂತೈತಿ, ಫಾರ್ಮ್ಯಾಟ್ ಹೊಡೀಬೇಕೇನ್ರಿ?

ಕುಂದಾ ಪ್ರೇಮಿ: ಫಾರ್ಮ್ಯಾಟ್ ಯಾಕ್ರಿ! ಬೋರ್ಡ್ ಮ್ಯಾಲೆ ನಾಣ್ಯದಂಥಾ ಸೆಲ್ ಐತಲ್ಲ, ಸಿಆರ್2032, 3 ವೋಲ್ಟಿಂದು, ಕರೆಂಟ್ ಇಲ್ದಾಗ ಅದ ಗಡಿಯಾರ ನಡಸ್ತೈತಿ. ತಾರೀಖು ತಪ್ಪಿದ್ದಕ್ಕ ಸರ್ಟಿಫಿಕೇಟ್ ಎರರ್ ಬರಾಕತ್ತೈತಿ. ಮೀಟರ್ ಹಚ್ಚಿ ನೋಡ್ರಿ.

ಗುಮ್ಮಟದ ಹುಡ್ಗ: 2.1 ವೋಲ್ಟ್ ಬಂತ್ರಿ, ಸೆಲ್ ಇಳದೈತಿ. ಸೆಲ್ ತೆಗದ್ರ ಬಯೋಸ್ (ಪಿಸಿ ಚಾಲೂ ಮಾಡೋ ಮೂಲ ಪ್ರೋಗ್ರಾಂ) ಅಳಿಸಿ ಹೋಗಂಗಿಲ್ಲಲ್ಲ?

ಹಳೇ ಬೋರ್ಡ್: ಇಲ್ಲ, ಬಯೋಸ್ ಫ್ಲಾಶ್ ಚಿಪ್‌ನ್ಯಾಗ ಇರ್ತೈತಿ, ಅದಕ್ಕ ಸೆಲ್ ಬೇಕಾಗಿಲ್ಲ. ಸಿಮಾಸ್ ಸೆಟ್ಟಿಂಗ್ (ಸೆಲ್ ಮ್ಯಾಲೆ ಉಳಿಯೋ ಬಯೋಸ್ ಸೆಟ್ಟಿಂಗ್) ಹೋದ್ರ ಹೋಗಬಹುದು, ಬೂಟ್ ಆರ್ಡರ್ (ಯಾವ ಡಿಸ್ಕಿಂದ ಮೊದ್ಲ ಚಾಲೂ ಆಗ್ಬೇಕನ್ನೋದು) ಫೋಟೋ ಹೊಡ್ಕೊಂಡ ತೆಗೀರಿ. ನನ್ನ ಹಳೇ 386 (ಹಿಂದಿನ ಕಾಲದ ಪ್ರೊಸೆಸರ್) ಬೋರ್ಡಿಂದು ಗಡಿಯಾರದ ಚಿಪ್ ಒಳಗ ಬ್ಯಾಟರಿ ಸೀಲ್ ಆಗಿತ್ತು, ಅದನ್ನ ತೆರೀಲಿಕ್ಕೆ ಕಾನಸಲೆ ಉಜ್ಜಿ ಉಜ್ಜಿ ಕೈ ಬಿದ್ದು ಹೋದ್ವು, ಆಮ್ಯಾಲೆ ಹೊರಗಿಂದ ಸೆಲ್ ಬೆಸಗಿ ಹಾಕಿದ್ಯಾ.

ಗುಮ್ಮಟದ ಹುಡ್ಗ: ಹೊಸ ಸೆಲ್ ಹಾಕ್ದೆ, ಈಗ ಟೈಮ್ ಸರಿ ಉಳದೈತ್ರಿ.