ಕೊನೆಯ ಪ್ಯಾರಾ ಓದದೆ ನಡೆದ ಗಾಂಜಾ ಚರ್ಚೆ

ಪದ್ಮಿನಿ ಅತ್ತೆ ಭಾನುವಾರ ಬೆಳಿಗ್ಗೆ ನಮ್ಮ ಕುಟುಂಬದ ವಾಟ್ಸಾಪ್ ಗುಂಪಿಗೆ ಕಳುಹಿಸಿದ ಫಾರ್ವರ್ಡ್‌ನ ತಲೆಬರಹ ಹೀಗಿತ್ತು: ‘ಮೋಜಿಗಾಗಿ ಗಾಂಜಾ ಸೇದಲು ಅನುಮತಿ ಕೊಟ್ಟ ದೇಶಗಳಿಗೆ ಈಗ ಪಶ್ಚಾತ್ತಾಪ, ಥಾಯ್ಲೆಂಡ್ ಹಿಂದೆ ಸರಿಯಿತು, ಮುಂದಿನ ಸರದಿ ಕೆನಡಾ ಮತ್ತು ಜರ್ಮನಿಯದು.’ ಅದರ ಕೆಳಗೆ ಉದ್ದನೆಯ ಬರಹವಿತ್ತು. ಮೊದಲ ಎರಡು ಪ್ಯಾರಾ ಮುಗಿದೊಡನೆ ‘ಇನ್ನಷ್ಟು ಓದಿ’ ಎಂಬ ಗುಂಡಿ ಕಾಣುತ್ತಿತ್ತು. ಅತ್ತೆ ತಮ್ಮ ಕಡೆಯಿಂದ ಸೇರಿಸಿದ್ದು ಒಂದೇ ವಾಕ್ಯ: “ಮಕ್ಕಳಿರುವ ಮನೆಯವರೆಲ್ಲರೂ ತಪ್ಪದೆ ಓದಬೇಕು.” ಅವರ ಮಗ ಓದಿಗಾಗಿ ಕೆನಡಾಕ್ಕೆ ಹೊರಡುವ ಸಿದ್ಧತೆಯಲ್ಲಿದ್ದುದರಿಂದ ಆ ಆತಂಕದ ಮೂಲವನ್ನು ಯಾರೂ ವಿಚಾರಿಸಬೇಕಾಗಿರಲಿಲ್ಲ.

ಮೊದಲ ಉತ್ತರ ಎಂದಿನಂತೆ ದೊಡ್ಡಪ್ಪನವರದು. “ಪದ್ಮಿನಿ, ಒಳ್ಳೆಯ ವಿಷಯವನ್ನು ಹಾಕಿದ್ದೀಯ. ಕಾನೂನೆಂದರೆ ಬರೀ ಶಿಕ್ಷೆಗಳ ಪಟ್ಟಿಯಲ್ಲ. ಯಾವುದು ತನಗೆ ಸಲ್ಲದು ಎಂದು ಒಂದು ಸಮಾಜ ತನ್ನ ಮಕ್ಕಳಿಗೆ ಗಟ್ಟಿಯಾಗಿ ಹೇಳುವ ಮಾತೂ ಹೌದು. ಸರ್ಕಾರವೇ ನಶೆಗೆ ಪರವಾನಗಿ ಕೊಟ್ಟು ಅದರಿಂದ ತೆರಿಗೆಯನ್ನೂ ಎಣಿಸಿಕೊಳ್ಳತೊಡಗಿದರೆ, ಬೇಡವೆನ್ನುವ ತಂದೆತಾಯಿಯರ ಮಾತಿಗೆ ಬೆಲೆ ಎಲ್ಲಿ ಉಳಿಯುತ್ತದೆ?”

ದೊಡ್ಡಪ್ಪನವರ ನೀತಿಬೋಧೆಯನ್ನು ನಾವೆಲ್ಲರೂ ಹೆಬ್ಬೆರಳೆತ್ತಿ ದಾಟಿಹೋಗುವುದು ರೂಢಿ. ಆದರೆ ಈ ಮಾತಿನಲ್ಲಿ ನಿಜವಾದ ಒಂದು ವಾದವಿತ್ತು. ನಿಷೇಧದಿಂದ ಗಾಂಜಾ ಸಿಗದಂತಾಗಿದೆ ಎಂದು ಅವರು ಹೇಳಿರಲಿಲ್ಲ. ಅನುಮತಿಯನ್ನು ಜನರು ಒಪ್ಪಿಗೆಯೆಂದೇ ಓದಿಕೊಳ್ಳುತ್ತಾರೆ ಎಂದಿದ್ದರು. ಇದಕ್ಕೆ ಉತ್ತರ ಕೊಡುವುದು ಸುಲಭವಲ್ಲ, ಮತ್ತು ಕೊನೆಯವರೆಗೂ ಯಾರೂ ಸರಿಯಾಗಿ ಕೊಡಲಿಲ್ಲ.

ರಘು ಕೇಳಿದ್ದು ಬೇರೆಯದನ್ನು. “ಅತ್ತೆ, ಇದರ ಮೂಲ ಎಲ್ಲಿದೆ? ಬರೆದವರ ಹೆಸರಿಲ್ಲ, ದಿನಾಂಕವಿಲ್ಲ. ಉರುಗ್ವೆ 2013ರಲ್ಲಿ ಕಾಯ್ದೆ ಮಾಡಿತು. ಕೆನಡಾದ ಕಾಯ್ದೆ 2018ರ ಅಕ್ಟೋಬರ್ 17ರಂದು ಜಾರಿಗೆ ಬಂತು, ಜರ್ಮನಿಯದು 2024ರ ಏಪ್ರಿಲ್ 1ರಂದು. ಈ ಮೂರರಲ್ಲಿ ಕಾಯ್ದೆಯನ್ನು ಹಿಂದಕ್ಕೆ ಪಡೆದ ದೇಶ ಯಾವುದು? ವಿಶ್ವಸಂಸ್ಥೆ ಗಾಂಜಾವನ್ನು ನಿರಪಾಯವೆಂದು ಸಾರಿತೆಂದೂ ಎರಡನೆಯ ಪ್ಯಾರಾದಲ್ಲಿದೆ. 2020ರ ಡಿಸೆಂಬರ್‌ನಲ್ಲಿ ಅಲ್ಲಿನ ಮಾದಕ ವಸ್ತುಗಳ ಆಯೋಗವು 1961ರ ಮಾದಕ ವಸ್ತು ಒಪ್ಪಂದದ ನಾಲ್ಕನೆಯ ಅನುಸೂಚಿಯಿಂದ, ಅಂದರೆ ಅತಿ ಬಿಗಿಯಾದ ನಿಯಂತ್ರಣದ ಪಟ್ಟಿಯಿಂದ, ಗಾಂಜಾವನ್ನು ತೆಗೆದದ್ದು ನಿಜ. ಪರವಾಗಿ 27, ವಿರುದ್ಧವಾಗಿ 25 ಮತಗಳು ಬಿದ್ದವು. ಮೊದಲನೆಯ ಅನುಸೂಚಿಯಲ್ಲಿ ಅದು ಈಗಲೂ ಇದೆ, ಅಂದರೆ ಅಂತರರಾಷ್ಟ್ರೀಯ ನಿಯಂತ್ರಣ ಮುಂದುವರಿದಿದೆ. ನಿರಪಾಯ ಎಂದು ಯಾರೂ ಹೇಳಿಲ್ಲ.”

ಅಂಕಿಅಂಶಗಳೆಲ್ಲ ಸರಿಯಾಗಿದ್ದವು. ಆದರೆ ರಘುವಿನ ಸಂದೇಶಗಳಲ್ಲಿ ಪುರಾವೆಗಿಂತ ಮೊದಲು ಗೆಲ್ಲುವ ಹಟವೇ ಕಾಣಿಸುತ್ತದೆಂಬುದು ಗುಂಪಿನ ಹಳೆಯ ದೂರು. ಅತ್ತೆ ನೊಂದುಕೊಂಡರು: “ನಾನೇನು ಪತ್ರಿಕೆ ನಡೆಸುತ್ತಿದ್ದೇನೆಯೇ? ಬಂದದ್ದನ್ನು ಹಂಚಿದೆ. ಇಷ್ಟವಿಲ್ಲದವರು ಓದಬೇಡಿ.”

ಅಲ್ಲಿಗೆ ನಿಲ್ಲಬಹುದಿತ್ತು. ದೊಡ್ಡಪ್ಪ ನಿಲ್ಲಿಸಲಿಲ್ಲ. “ರಘು, ಈ ವಿಷಯದಲ್ಲಿ ನಿನಗೆ ಇಷ್ಟೊಂದು ಮಾಹಿತಿ ಬಾಯಿಪಾಠವಾಗಿರುವುದು ನನಗೆ ಆಶ್ಚರ್ಯ ತಂದಿಲ್ಲ.”

ಹೊಸದಾಗಿ ಸೇರಿದ ಸೊಸೆಯಂದಿರಿಗಾಗಿ ಇಲ್ಲೊಂದು ವಿವರಣೆ ಬೇಕು. ರಘು ಪದವಿ ಓದುತ್ತಿದ್ದಾಗ ಹಾಸ್ಟೆಲ್ಲಿನ ಅವನ ಕೋಣೆಯಲ್ಲಿ ವಾರ್ಡನ್‌ಗೆ ಏನೋ ಸಿಕ್ಕಿತು. ಕರೆ ಬಂದಾಗ ಹೋದವರು ದೊಡ್ಡಪ್ಪ. ಮರಳಿ ಬಂದವರು ಅದು ಗಾಂಜಾ ಎಂದರು. ಪರೀಕ್ಷೆಯೂ ಇಲ್ಲ, ಪೊಲೀಸರೂ ಇಲ್ಲ, ಕಾಗದಪತ್ರವೂ ಇಲ್ಲ. ಆದರೂ ಆ ಮಾತು ಮದುವೆಯ ಸಂಬಂಧ ನೋಡುವವರೆಗೂ ಅವನನ್ನು ಬಿಡಲಿಲ್ಲ. ಯಾವ ಫಾರ್ವರ್ಡ್ ಬಂದರೂ ಅವನು ಮೊದಲು ಮೂಲ ಕೇಳುವುದು ಏಕೆಂಬುದಕ್ಕೆ ನನ್ನ ಮಟ್ಟಿಗೆ ಇದಕ್ಕಿಂತ ಹೆಚ್ಚಿನ ಕಾರಣ ಬೇಕಿಲ್ಲ.

ರಘುವಿನ ಉತ್ತರ ತಡವಾಗಿ ಬಂತು, ಆದರೆ ಅದು ಅವನ ಅಂದಿನ ಅತ್ಯುತ್ತಮ ಸಂದೇಶವಾಗಿತ್ತು. “ದೊಡ್ಡಪ್ಪ, ಪುರಾವೆಯಿಲ್ಲದ ಅನುಮಾನ ಒಬ್ಬನಿಗೆ ಏನು ಮಾಡುತ್ತದೆಂದು ನನಗೆ ಗೊತ್ತು, ಆದ್ದರಿಂದಲೇ ಕೇಳುತ್ತಿದ್ದೇನೆ. ಅಮೆರಿಕದಲ್ಲಿ ಕರಿಯರೂ ಬಿಳಿಯರೂ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ಗಾಂಜಾ ಸೇದುತ್ತಾರೆ; ಆದರೂ ಅದನ್ನು ಇಟ್ಟುಕೊಂಡದ್ದಕ್ಕಾಗಿ ಬಂಧನಕ್ಕೊಳಗಾಗುವ ಸಂಭವ ಕರಿಯರಿಗೆ ಮೂರೂವರೆ ಪಟ್ಟಿಗೂ ಹೆಚ್ಚು ಎಂದು ಅಲ್ಲಿನ ನಾಗರಿಕ ಸ್ವಾತಂತ್ರ್ಯ ಸಂಘಟನೆ ಎಸಿಎಲ್‌ಯು 2020ರ ವರದಿಯಲ್ಲಿ ತೋರಿಸಿದೆ. ಸಮಾಜ ತನ್ನ ಮಕ್ಕಳಿಗೆ ಹೇಳುವ ಮಾತೆಂದು ನೀವು ಕರೆದ ಕಾನೂನು ಕೆಲವರ ಮಕ್ಕಳಿಗೆ ಬುದ್ಧಿಮಾತಾಗಿ, ಇನ್ನು ಕೆಲವರ ಮಕ್ಕಳಿಗೆ ಕೈಕೋಳವಾಗಿ ತಲುಪುತ್ತದೆ.”

ಇಬ್ಬರ ಮಾತೂ ನಿಜವಾಗಿ ಎದುರುಬದುರಾದದ್ದು ಇಲ್ಲಿ ಮಾತ್ರ. ಅಷ್ಟರಲ್ಲಿ ಮೋಹನ ಬಂದ. ಹಾಸ್ಟೆಲ್ಲಿನ ಆ ಹಳೆಯ ಕಥೆ ನೆನಪಾದದ್ದೇ ಸಾಕು, ಅವನು ಹಳೆಯ ಗುಂಪುಚಿತ್ರವೊಂದನ್ನು ಹುಡುಕಿ ಹಾಕಿ, “ಎಡದಿಂದ ಮೂರನೆಯವನು ಯಾರೆಂದು ಹೇಳಿ ನೋಡೋಣ” ಎಂದ. ಹದಿನಾಲ್ಕು ಜನ ಊಹಿಸಿದರು. ಎರಡು ಗಂಟೆಗಳ ಕಾಲ ರಘುವಿನ ವಾದದ ಮೇಲೆ ಮೀಸೆ, ಬೆಲ್‌ಬಾಟಮ್ ಮತ್ತು ತೀರಿಹೋದ ಒಬ್ಬ ವಾರ್ಡನ್ನಿನ ಗುಣಗಾನ ಬಂದು ಕುಳಿತವು.

ಮಧ್ಯಾಹ್ನ ಮತ್ತೆ ಶುರುವಾದಾಗ ಚರ್ಚೆ ಮದ್ಯಕ್ಕೆ ಹೊರಳಿತ್ತು. ಹೆಂಡಕ್ಕೆ ಅನುಮತಿ ಇರುವಾಗ ಗಾಂಜಾಕ್ಕೇಕೆ ಇರಬಾರದೆಂದು ರಘು, ಒಂದು ತಪ್ಪಿನ ಪಕ್ಕದಲ್ಲಿ ಇನ್ನೊಂದನ್ನು ಕೂರಿಸಿದರೆ ಎರಡೂ ಸರಿಯಾಗುವುದಿಲ್ಲವೆಂದು ದೊಡ್ಡಪ್ಪ. ಈ ಹೋಲಿಕೆ ಇಂಥ ಪ್ರತಿ ಚರ್ಚೆಯಲ್ಲೂ ಬರುತ್ತದೆ, ಎಲ್ಲಿಯೂ ಏನನ್ನೂ ತೀರ್ಮಾನಿಸುವುದಿಲ್ಲ. ಸೋಲುತ್ತಿದ್ದೇನೆ ಅನ್ನಿಸಿದಾಗ ರಘು ಒಂದು ಹೆಜ್ಜೆ ಮುಂದೆ ಹೋಗಿ, “ಗಾಂಜಾದಿಂದ ಯಾರೂ ಸತ್ತಿಲ್ಲ, ಅದು ಗಿಡಮೂಲಿಕೆ, ಚಟವೂ ಹಿಡಿಯುವುದಿಲ್ಲ” ಎಂದು ಬರೆದ. ಇದಕ್ಕೆ ಅವನೂ ಮೂಲ ಕೊಡಲಿಲ್ಲ.

ಸುಧಾ ಅತ್ತಿಗೆ ಮನೋವೈದ್ಯೆ, ದೊಡ್ಡಪ್ಪನವರ ಸೊಸೆ. ಗುಂಪಿನಲ್ಲಿ ಹುಟ್ಟುಹಬ್ಬದ ಶುಭಾಶಯದ ಆಚೆಗೆ ಅವರು ಬರೆಯುವುದು ಅಪರೂಪ. ರಾತ್ರಿ ಆಸ್ಪತ್ರೆಯಿಂದ ಬಂದ ಮೇಲೆ ಅವರು ಬರೆದದ್ದನ್ನು ಇಲ್ಲಿ ಪೂರ್ತಿಯಾಗಿಯೇ ಕೊಡುತ್ತೇನೆ.

“ಮಾವ, ಪದ್ಮಿನಿ ಅತ್ತೆ, ರಘು: ಬೆಳಗಿನಿಂದ ನಡೆದದ್ದನ್ನೆಲ್ಲ ಈಗ ಓದಿದೆ. ಫಾರ್ವರ್ಡ್‌ನ ಕೊನೆಯ ಪ್ಯಾರಾವನ್ನು ಯಾರೂ ಉಲ್ಲೇಖಿಸಿಲ್ಲವಾದ್ದರಿಂದ ಅಲ್ಲಿಂದಲೇ ಆರಂಭಿಸುತ್ತೇನೆ. ಥಾಯ್ಲೆಂಡ್ 2022ರ ಜೂನ್‌ನಲ್ಲಿ ಗಾಂಜಾವನ್ನು ಮಾದಕ ವಸ್ತುಗಳ ಪಟ್ಟಿಯಿಂದ ತೆಗೆಯಿತು, ಆದರೆ ಯಾರು ಮಾರಬೇಕು, ಯಾರಿಗೆ ಮಾರಬೇಕು, ಹೇಗೆ ಮಾರಬೇಕು ಎಂಬುದನ್ನು ನಿಗದಿಪಡಿಸುವ ಸಮಗ್ರ ಕಾಯ್ದೆಯನ್ನು ಅಲ್ಲಿನ ಸಂಸತ್ತು ಅಂಗೀಕರಿಸಲೇ ಇಲ್ಲ. ಸಾವಿರಾರು ಅಂಗಡಿಗಳು ಎದ್ದವು. 2025ರ ಜೂನ್‌ನಲ್ಲಿ ವೈದ್ಯರ ಚೀಟಿಯಿಲ್ಲದೆ ಮಾರಬಾರದೆಂಬ ಆದೇಶ ಬಂತು. ಇದು ಆ ಕೊನೆಯ ಪ್ಯಾರಾದಲ್ಲಿಯೇ ಇದೆ. ತಲೆಬರಹ ಹೇಳಿದ್ದನ್ನು ಬರಹವೇ ಅಲ್ಲಗಳೆಯುತ್ತದೆ. ನಿಷೇಧ ತೆಗೆದದ್ದಕ್ಕಿಂತ, ತೆಗೆದ ಮೇಲೆ ನಿಯಮ ಬರೆಯದೆ ಬಿಟ್ಟದ್ದೇ ಅಲ್ಲಿನ ಎಡವಟ್ಟು.

“ರಘು, ಚಟ ಹಿಡಿಯುವುದಿಲ್ಲ ಎಂಬುದು ತಪ್ಪು. ಸೇವಿಸುವವರಲ್ಲಿ ಸುಮಾರು ಹತ್ತರಲ್ಲೊಬ್ಬರು ಅವಲಂಬಿತರಾಗುತ್ತಾರೆ, ಹದಿಹರೆಯದಲ್ಲಿ ಆರಂಭಿಸಿದವರಲ್ಲಿ ಆ ಪ್ರಮಾಣ ಇನ್ನೂ ಹೆಚ್ಚು. ಅಮೆರಿಕದಲ್ಲಿ ವಶಪಡಿಸಿಕೊಂಡ ಮಾದರಿಗಳಲ್ಲಿ ಟಿಎಚ್‌ಸಿ, ಅಂದರೆ ಅಮಲೇರಿಸುವ ಅಂಶ, 1995ರಲ್ಲಿ ಸುಮಾರು ಶೇ. 4 ಇದ್ದದ್ದು 2014ರ ಹೊತ್ತಿಗೆ ಸುಮಾರು ಶೇ. 12ಕ್ಕೆ ಏರಿತ್ತು. ಇಂಥ ಪ್ರಬಲ ಸರಕನ್ನು ನಿತ್ಯ ಸೇದುವವರಲ್ಲಿ ಮನೋವಿಕಲತೆಯ, ಅಂದರೆ ವಾಸ್ತವದ ಅರಿವು ತಪ್ಪುವ ಕಾಯಿಲೆಯ, ಸಂಭವ ಎಂದೂ ಸೇದದವರಿಗಿಂತ ಸುಮಾರು ಐದು ಪಟ್ಟು ಎಂದು 2019ರಲ್ಲಿ ಲ್ಯಾನ್ಸೆಟ್ ಸೈಕಿಯಾಟ್ರಿಯಲ್ಲಿ ಪ್ರಕಟವಾದ ಅಧ್ಯಯನ ಕಂಡುಕೊಂಡಿದೆ. ಒಂದರಿಂದಲೇ ಇನ್ನೊಂದು ಬಂತೆಂಬುದಕ್ಕೆ ಅದೊಂದೇ ಪುರಾವೆ ಸಾಲದು. ಆದರೂ ಕುಟುಂಬದಲ್ಲಿ ಆ ಕಾಯಿಲೆಯಿರುವ ಹುಡುಗನೊಬ್ಬ ನನ್ನೆದುರು ಕುಳಿತಾಗ ನಾನು ಖಂಡಿತವಾಗಿ ಬೇಡವೆಂದೇ ಹೇಳುತ್ತೇನೆ.

“ಮಾವ, ನಿಮ್ಮ ಮಾತಿನಲ್ಲಿ ನಾನು ಒಪ್ಪುವುದು ತೆರಿಗೆಯ ಬಗೆಗಿನ ಭಯವನ್ನು. ನಿತ್ಯ ಸೇದುವ ಕೆಲವರೇ ಬಹುಪಾಲು ಸರಕನ್ನು ಕೊಳ್ಳುವುದರಿಂದ, ಮಾರುವ ಉದ್ಯಮಕ್ಕೆ ಲಾಭ ತರುವವರು ನನ್ನ ಬಳಿಗೆ ಚಿಕಿತ್ಸೆಗೆ ಬರಬೇಕಾದವರೇ ಆಗಿರುತ್ತಾರೆ. ಆದರೆ ಅನುಮತಿ ಎಂದೊಡನೆ ಅಂಗಡಿ ಎಂದು ಭಾವಿಸಬೇಕಾಗಿಲ್ಲ. ಜರ್ಮನಿಯಲ್ಲಿ ವಯಸ್ಕರು ಹೊರಗೆ 25 ಗ್ರಾಂ ಇಟ್ಟುಕೊಳ್ಳಬಹುದು, ಮನೆಯಲ್ಲಿ ಮೂರು ಗಿಡ ಬೆಳೆಯಬಹುದು, ಲಾಭವಿಲ್ಲದ ಸಂಘಗಳ ಸದಸ್ಯರಾಗಬಹುದು; ಸಾಮಾನ್ಯ ಅಂಗಡಿಗಳಲ್ಲಿ ಮಾರಾಟವಿಲ್ಲ. ಉರುಗ್ವೆಯಲ್ಲಿ ಹೆಸರು ನೋಂದಾಯಿಸಿದವರಿಗೆ ಔಷಧಾಲಯದಲ್ಲಿ ತಿಂಗಳಿಗೆ 40 ಗ್ರಾಂ ಮಿತಿಯಲ್ಲಿ ಕೊಡುತ್ತಾರೆ. ಪೋರ್ಚುಗಲ್ 2001ರಲ್ಲಿ ಮಾಡಿದ್ದು ಇವೆಲ್ಲಕ್ಕಿಂತ ಬೇರೆ: ಮಾರಾಟ ಅಲ್ಲಿ ಈಗಲೂ ಅಪರಾಧ, ಸ್ವಂತ ಬಳಕೆಗೆ ಅಲ್ಪ ಪ್ರಮಾಣ ಇಟ್ಟುಕೊಂಡವನು ಮಾತ್ರ ಜೈಲಿಗೆ ಹೋಗುವುದಿಲ್ಲ. ರಘು ಹೇಳಿದ ಬಂಧನಗಳ ಅನ್ಯಾಯಕ್ಕೆ ಇಷ್ಟು ಸಾಕಾಗಬಹುದು; ಅದಕ್ಕಾಗಿ ಒಂದು ಉದ್ಯಮವನ್ನೇ ಕಟ್ಟಬೇಕೆಂದು ನನಗನ್ನಿಸುವುದಿಲ್ಲ.

“ಅತ್ತೆ, ಕೆನಡಾದಲ್ಲಿ ಕನಿಷ್ಠ ವಯಸ್ಸು ಬಹುತೇಕ ಪ್ರಾಂತ್ಯಗಳಲ್ಲಿ 19, ಆಲ್ಬರ್ಟಾದಲ್ಲಿ 18, ಕ್ವಿಬೆಕ್‌ನಲ್ಲಿ 21. ನಿಮ್ಮ ಮಗನಿಗೆ ಮೂರು ಮಾತು ಹೇಳಿ ಕಳುಹಿಸಿ. ಅಲ್ಲಿ ಕೊಂಡದ್ದನ್ನು ವಿಮಾನದಲ್ಲಿ ದೇಶದ ಗಡಿ ದಾಟಿಸುವುದು ಅಪರಾಧ. ಗಾಂಜಾ ಬೆರೆಸಿದ ಚಾಕೊಲೇಟಿನ ಅಮಲು ಏರಲು ಒಂದೆರಡು ಗಂಟೆ ಹಿಡಿಯಬಹುದು, ಏನೂ ಆಗಲಿಲ್ಲವೆಂದು ಇನ್ನೊಂದು ತುಂಡು ತಿಂದವರೇ ಆಸ್ಪತ್ರೆ ಸೇರುವುದು. ಸೇದಿದವರು ಓಡಿಸುವ ಕಾರನ್ನು ಹತ್ತಬಾರದು.”

ಇದರ ಕೆಳಗೆ ಇಪ್ಪತ್ತೆರಡು ಹೆಬ್ಬೆರಳುಗಳು ಬಿದ್ದವು. ಅತ್ತೆ ಕೊನೆಯ ಭಾಗವನ್ನು ಮಾತ್ರ ಕತ್ತರಿಸಿ ಮಗನಿಗೆ ಕಳುಹಿಸಿದ್ದಾಗಿ ತಿಳಿಸಿದರು. ಉದ್ಯಮದ ಬಗ್ಗೆ ಸೊಸೆ ಹೇಳಿದ್ದು ತಮ್ಮ ಮಾತೇ ಎಂದು ದೊಡ್ಡಪ್ಪ ಬರೆದರು. ಬಂಧನಗಳ ಬಗ್ಗೆ ಹೇಳಿದ್ದು ತನ್ನ ಮಾತೇ ಎಂದು ರಘು ಬರೆದ. ಟಿಎಚ್‌ಸಿ ಪ್ರಮಾಣದ ಬಗ್ಗೆಯಾಗಲಿ, ಅನುಮತಿಯನ್ನು ಮಕ್ಕಳು ಒಪ್ಪಿಗೆಯೆಂದು ಓದಿಕೊಳ್ಳುತ್ತಾರೆಯೇ ಎಂಬ ಬೆಳಗಿನ ಪ್ರಶ್ನೆಯ ಬಗ್ಗೆಯಾಗಲಿ ಯಾರೂ ಮುಂದೆ ಕೇಳಲಿಲ್ಲ.

ಹನ್ನೊಂದು ಗಂಟೆಗೆ ರಘುವಿನ ಇನ್ನೊಂದು ಸಂದೇಶ ಬಂತು. “ದೊಡ್ಡಪ್ಪ, ಗಾಂಜಾದ ಚರ್ಚೆ ಮುಗಿಯಿತು. ಆದರೆ ನನ್ನ ಕೋಣೆಯಲ್ಲಿ ಸಿಕ್ಕಿದ್ದು ಸಿಗರೇಟಿನ ಪ್ಯಾಕೆಟ್ ಮಾತ್ರ ಎಂದು ಇದೇ ಗುಂಪಿನಲ್ಲಿ, ಎಲ್ಲರೆದುರು, ನೀವೊಮ್ಮೆ ಬರೆಯಬೇಕು.”

ದೊಡ್ಡಪ್ಪನವರ ಹೆಸರಿನ ಕೆಳಗೆ ‘ಟೈಪಿಂಗ್’ ಎಂದು ಬಹಳ ಹೊತ್ತು ಕಾಣಿಸುತ್ತಿತ್ತು. “ಹಾಗೆಂದು ಈಗ ನೀನೇ ಹೇಳುತ್ತಿರುವುದರಿಂದ ಒಪ್ಪುತ್ತೇನೆ. ಆದರೆ ಸಿಗರೇಟನ್ನು ಮುಟ್ಟಿಯೇ ಇಲ್ಲವೆಂದು ಅಂದು ನೀನು ನಿನ್ನ ತಾಯಿಯ ಮೇಲೆ ಆಣೆ ಮಾಡಿದ್ದೆ. ಆಕೆಯೂ ಈ ಗುಂಪಿನಲ್ಲಿದ್ದಾಳೆ.”